ಕೊಕ್ಕಲ್ಲ, ಬೆನ್ನು ನೋಡಿ

ಉಡುಪಿ ಬಳಿಯ ಕೋಡಿ ಬೆಂಗ್ರೆಗೆ ರೀವ, ಅಂದರೆ ಟರ್ನ್ ಹಕ್ಕಿ, ನೋಡಲು ಹೋಗುವವರು ಮೊದಲು ಉಬ್ಬರ-ಇಳಿತದ ಹೊತ್ತು ನೋಡಿಕೊಳ್ಳಬೇಕು. ಸ್ವರ್ಣಾ, ಸೀತಾ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆ ಅದು. ಇಳಿತದಲ್ಲಿ ಮರಳ ದಿಬ್ಬಗಳು ಎದ್ದು, ಹಕ್ಕಿಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ನೀರು ಏರತೊಡಗಿದರೆ ದಿಬ್ಬ ಕಿರಿದಾಗುತ್ತದೆ, ಹಕ್ಕಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಒಂದರ ಪಕ್ಕ ಇನ್ನೊಂದು ನಿಂತರೆ ಮಾತ್ರ ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಧೈರ್ಯವಾಗಿ ಹೇಳಬಹುದು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನೂ ಗೆಳೆಯನೂ ಅಲ್ಲಿಗೆ ಹೋದೆವು. ನೀರು ಏರುವ ಹೊತ್ತು. ಬಿಸಿಲು ಬೆನ್ನಿಗೆ ಬೀಳುವ ಹಾಗೆ ಜಾಗ ನೋಡಿ ಕೂತೆವು. ನಾವಿಬ್ಬರೂ ಮಲೆನಾಡಿನ ಕಡೆಯವರು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನಡುಗಡ್ಡೆ ತೆರೆದುಕೊಂಡಾಗ ಹೊಳೆ ರೀವಗಳು ಗುಂಪುಗುಂಪಾಗಿ ಮೊಟ್ಟೆ ಇಡುವುದನ್ನು ನೋಡುತ್ತಾ ಬೆಳೆದವರು. ಹಳದಿ ಕೊಕ್ಕು, ಕರಿ ಟೋಪಿ, ಕೆಂಪು ಕಾಲು. ಅಲ್ಲಿ ಗುರುತಿನ ತಕರಾರೇ ಇಲ್ಲ. ಕಡಲಂಚಿಗೆ ಬಂದರೆ ಕಥೆ ಬೇರೆ.

ದಿಬ್ಬದ ಮೇಲೆ ಹೆಚ್ಚಾಗಿ ಇದ್ದದ್ದು ಎರಡು ಜಾತಿ, ಗ್ರೇಟರ್ ಕ್ರೆಸ್ಟೆಡ್ ಮತ್ತು ಲೆಸ್ಸರ್ ಕ್ರೆಸ್ಟೆಡ್ ಟರ್ನ್. ಎರಡಕ್ಕೂ ತಲೆಯ ಹಿಂದೆ ಕೆದರಿದ ಕರಿ ಜುಟ್ಟು. ಮರಿ ಮಾಡುವ ಕಾಲದಲ್ಲಾದರೆ ಸುಲಭ. ಲೆಸ್ಸರ್‌ಗೆ ಕರಿ ಟೋಪಿ ಕೊಕ್ಕಿನ ಬುಡದವರೆಗೆ ಇಳಿಯುತ್ತದೆ, ಗ್ರೇಟರ್‌ಗೆ ಕೊಕ್ಕಿಗೂ ಟೋಪಿಗೂ ನಡುವೆ ಬಿಳಿ ಪಟ್ಟಿ ಉಳಿಯುತ್ತದೆ. ಚಳಿಗಾಲಕ್ಕೆ ಎರಡರ ಹಣೆಯೂ ಬೆಳ್ಳಗಾಗಿ ಆ ಗುರುತು ಹೋಗಿಬಿಡುತ್ತದೆ. ಆಗ ಎಲ್ಲರೂ ಹೇಳುವುದು ಕೊಕ್ಕು ನೋಡಿ ಅಂತ: ಗ್ರೇಟರ್‌ಗೆ ಹಸಿರು ಛಾಯೆಯ ಹಳದಿ, ಲೆಸ್ಸರ್‌ಗೆ ಕಿತ್ತಳೆ. ಮಧ್ಯಾಹ್ನದ ಬೆಳಕಿನಲ್ಲಿ ಇದು ಸರಿಯಾಗಿಯೇ ಕಾಣುತ್ತಿತ್ತು.

ಪಕ್ಕದಲ್ಲಿ ದೋಣಿಯ ನೆರಳಿನಲ್ಲಿ ಒಬ್ಬರು ಬಲೆ ಸರಿ ಮಾಡುತ್ತಿದ್ದರು. "ಎಂತ ನೋಡುದು ಮಾರ್ರೆ? ಎಲ್ಲ ಒಂದೇ ಅಲ್ವಾ?" ಅಂದರು. ಬೈನಾಕ್ಯುಲರ್ ಕೊಟ್ಟು, "ನೀವೇ ನೋಡಿ ಅಣ್ಣ" ಅಂದೆ. ತುಂಬಾ ಹೊತ್ತು ನೋಡಿದರು. "ಕೆಲವಕ್ಕೆ ಬೆನ್ನು ಜಾಸ್ತಿ ಕಪ್ಪುಂಟು. ಅವೇ ದೊಡ್ಡವು" ಅಂದರು. ಕೊಕ್ಕಿನ ಬಗ್ಗೆ ಒಂದು ಮಾತೂ ಇಲ್ಲ! ನಮ್ಮ ಕಡಲಿಗೆ ಬರುವ ಗ್ರೇಟರ್‌ನ ಬೆನ್ನು ನಿಜಕ್ಕೂ ಗಾಢ ಬೂದು, ಲೆಸ್ಸರ್‌ನದು ತಿಳಿ ಬೂದು. ಪುಸ್ತಕ ಓದದ ಕಣ್ಣಿಗೆ ಮೊದಲು ಬಿದ್ದದ್ದು ಅದು. ದಿನಾ ಕಡಲು ನೋಡುವ ಕಣ್ಣು ಅಲ್ವಾ? "ಇವು ಮುಳುಗುವಲ್ಲಿ ಮೀನು ಉಂಟು, ನಮಗೆ ಅಷ್ಟು ಸಾಕು" ಎಂದು ಮತ್ತೆ ಬಲೆಗೆ ಕೈ ಹಾಕಿದರು.

ಅವರ ಮಾತಿನ ಬೆಲೆ ಸಂಜೆ ಗೊತ್ತಾಯಿತು. ಸೂರ್ಯ ಇಳಿಯುತ್ತಿದ್ದ ಹಾಗೆ ಮರಳು, ನೀರು, ಹಕ್ಕಿಯ ಎದೆ ಎಲ್ಲದಕ್ಕೂ ಕೆಂಬಣ್ಣ ಹತ್ತಿತು. ಹಳದಿ ಕೊಕ್ಕೂ ಕಿತ್ತಳೆಯಾಯಿತು. ಎಲ್ಲವೂ ಲೆಸ್ಸರ್ ಹಾಗೆಯೇ. ಆದರೆ ಬೆನ್ನುಗಳ ನಡುವಿನ ವ್ಯತ್ಯಾಸ ಹಾಗೇ ಉಳಿಯಿತು. ಬೆಳಕು ಯಾವುದೇ ಇರಲಿ, ಪಕ್ಕಪಕ್ಕ ನಿಂತರೆ ಕಪ್ಪು ಕಪ್ಪೇ, ತಿಳಿ ತಿಳಿಯೇ. ಕೊಕ್ಕಿನಲ್ಲೂ ಬಣ್ಣ ಬಿಟ್ಟು ಆಕಾರ ನೋಡಿದೆವು. ಗ್ರೇಟರ್‌ನದು ಉದ್ದ, ತುದಿಯತ್ತ ಸ್ವಲ್ಪ ಕೆಳಗೆ ಬಾಗಿದೆ. ಲೆಸ್ಸರ್‌ನದು ತೆಳ್ಳಗೆ, ನೇರ.

ಆ ಗುಂಪಿನಲ್ಲೇ ಒಂದು ಕಂದುಗಲೆಯ ಹಕ್ಕಿ ಇತ್ತು. ಮಂಕು ಕೊಕ್ಕು. ತಲೆ ತಗ್ಗಿಸಿ, ಬೆನ್ನು ಗೂನು ಮಾಡಿ, ಕೀಚು ದನಿಯಲ್ಲಿ ಕೂಗುತ್ತಾ ಒಂದು ಗ್ರೇಟರ್‌ನ ಹಿಂದೆ ಓಡುತ್ತಿತ್ತು. ಈ ವರ್ಷದ ಮರಿ. ಈ ರೀವಗಳು ಗೂಡು ಬಿಟ್ಟ ಮೇಲೂ ತಿಂಗಳುಗಟ್ಟಲೆ ಮರಿಗೆ ಉಣಿಸುತ್ತವೆ, ವಲಸೆಯಲ್ಲೂ ಜೊತೆಗೆ ಕರೆದೊಯ್ಯುತ್ತವೆ. ದೊಡ್ಡದು ಹಾರಿ ಹೋಗಿ ಬೆಳ್ಳಿಯಂಥ ಪುಟ್ಟ ಮೀನು ತಂದಿತು. ಮರಿ ಕಸಿದು ತಲೆಯಿಂದ ನುಂಗಿತು, ಬಾಲ ಒಳಗೆ ಹೋಗುವ ಮೊದಲೇ ಮತ್ತೆ ಕೂಗು. ಬರೀ ಬಣ್ಣ ನೋಡಿ ಆ ಮರಿಯ ಜಾತಿ ಹೇಳಲು ನಮಗೆ ಕಷ್ಟವಿತ್ತು. ಯಾರು ಉಣಿಸಿದರು ಎನ್ನುವುದೇ ಸಾಕ್ಷಿಯಾಯಿತು. ಅಂದು ನಾನು ನೋಡಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ನೀರಿನಂಚಿನಲ್ಲಿ ಗಲ್-ಬಿಲ್ಡ್ ಟರ್ನ್ ಕೂಡ ಇದ್ದವು. ದಪ್ಪ ಕರಿ ಕೊಕ್ಕು, ಉದ್ದ ಕಾಲು. ಮೀನಿಗೆ ಧುಮುಕುವುದಕ್ಕಿಂತ ಕೆಸರಿನ ಮೇಲೆ ತಗ್ಗಿ ಹಾರಿ ಏಡಿ ಎತ್ತುವುದೇ ಜಾಸ್ತಿ. ಅದರ ಬಗ್ಗೆ ಗೊಂದಲವಿಲ್ಲ.

ದಿಬ್ಬದ ದೂರದ ತುದಿಯಲ್ಲಿದ್ದ, ಗುರುತು ಸಿಗದ ಹಕ್ಕಿಗಳನ್ನು ಏನೆಂದು ಬರೆಯುವುದು? ಗೆಳೆಯ, "ಬಿಡು, ಲೆಸ್ಸರ್ ಅಂತ ಹಾಕು" ಅಂದ. ನಾನು ಒಪ್ಪಲಿಲ್ಲ. ನೋಡಿದ ಹಕ್ಕಿಗಳ ಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ನಲ್ಲಿ 'ಯಾವುದೋ ಟರ್ನ್' ಎಂದು ದಾಖಲಿಸಲು ಅವಕಾಶ ಇದೆ, ಅದನ್ನೇ ಹಾಕಿದೆವು. ನಾಳೆ ಯಾರೋ ಈ ಕರಾವಳಿಯಲ್ಲಿ ಯಾವ ಹಕ್ಕಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವಾಗ ನಮ್ಮ ಊಹೆ ಅದರೊಳಗೆ ಸೇರಬಾರದು.

ಇನ್ನೊಂದು ಜೋಡಿ ಬಾಕಿ ಇದೆ, ಲಿಟಲ್ ಮತ್ತು ಸಾಂಡರ್ಸ್ ಟರ್ನ್. ಚಳಿಗಾಲದಲ್ಲಿ ಇವೆರಡನ್ನು ಬೇರೆ ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಬೇಸಿಗೆಗೆ ಪುಕ್ಕ ಬದಲಾದ ಮೇಲೆ ಹಣೆಯ ಬಿಳಿ ಕಣ್ಣಿನ ಮೇಲೆ ಹಿಂದಕ್ಕೆ ಚಾಚಿದ್ದರೆ ಲಿಟಲ್, ಮುಂದೆಯೇ ಚೌಕವಾಗಿ ನಿಂತಿದ್ದರೆ ಸಾಂಡರ್ಸ್. ಏಪ್ರಿಲ್‌ಗೆ ಉಬ್ಬರದ ಹೊತ್ತು ಈಗಲೇ ನೋಡಿಟ್ಟಿದ್ದೇವೆ.