ಹಳೇ ಸಿಪಿಯುಗೆ ಎರಡನೇ ಮಾನಿಟರ್

ಎರಡನೇ ಮಾನಿಟರ್ ಬೇಕು ಅಂತ ಅನ್ನಿಸಿದರೆ ಮೊದಲು ಅಂಗಡಿಗೆ ಹೋಗಬೇಡಿ. ಸಿಪಿಯುವನ್ನು ಸ್ವಲ್ಪ ಮುಂದೆ ಎಳೆದು, ಧೂಳು ಒರೆಸಿ, ಹಿಂಬದಿ ನೋಡಿ. ಅಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸುವ ಯಾವ ಪೋರ್ಟ್ ಇದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಾಸರಗೋಡಿನಲ್ಲಿ ಮನೆಯಲ್ಲೇ ಕೂತು ಕನ್ನಡ ಡಿಟಿಪಿ, ಅನುವಾದ ಮಾಡುವವರಿಗೆ ಎರಡು ಸ್ಕ್ರೀನ್ ಶೋಕಿಯಲ್ಲ ಮಾರಾಯ್ರೆ. ಮಲಯಾಳದ ಸುತ್ತೋಲೆ ಒಂದು ಕಡೆ ತೆರೆದಿರಬೇಕು, ಅದರ ಕನ್ನಡ ಇನ್ನೊಂದು ಕಡೆ ಟೈಪ್ ಆಗುತ್ತಿರಬೇಕು. ಒಂದೇ ಸ್ಕ್ರೀನಿನಲ್ಲಿ ಇದನ್ನು ಮಾಡಲು ಹೋದರೆ ಆಲ್ಟ್ ಟ್ಯಾಬ್ ಒತ್ತಿ ಒತ್ತಿ ಯಾವ ಸಾಲಿನಲ್ಲಿದ್ದೆವು ಅನ್ನುವುದೇ ಮರೆತುಹೋಗುತ್ತದೆ, ಇನ್ನು ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಪುಟ ಕಟ್ಟುವಾಗ ಕರಡು, ಫೋಟೋ, ಜಾಹೀರಾತು ಎಲ್ಲ ಒಟ್ಟಿಗೆ ತೆರೆದಿಟ್ಟುಕೊಂಡರಂತೂ ಕಥೆ ಮುಗಿಯಿತು.

ಮಂಗಳೂರಿನಲ್ಲಿರುವ ಭಾವ ತಮ್ಮ ಹಳೇ ಮಾನಿಟರ್ ಕೊಟ್ಟರು. ನನ್ನದು 2013ರಲ್ಲಿ ಕೊಂಡ ಡೆಸ್ಕ್‌ಟಾಪ್, ಮೂರನೇ ತಲೆಮಾರಿನ ಐ3 ಪ್ರೊಸೆಸರ್. ಅಂಗಡಿಯ ಹುಡುಗ ಕೇಳಿದ ಕೂಡಲೇ, "ಅಣ್ಣ, ಅಷ್ಟು ಹಳೇದಕ್ಕೆ ಆಗ್ಲಿಕ್ಕಿಲ್ಲ, ಹೊಸ ಸೆಟ್ಟೇ ತಗೊಳ್ಳಿ" ಅಂದ. ಯಾಕೆ ಆಗುವುದಿಲ್ಲ? ಆ ಐ3ಯಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಎರಡು ಮಾನಿಟರನ್ನು ಆರಾಮಾಗಿ ನಡೆಸುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡೇ ಬೇಡ. ಹಿಂದೆ ಎರಡು ಪೋರ್ಟ್ ಇದ್ದರೆ ಆಯಿತು.

ನನ್ನದರಲ್ಲಿ ಒಂದು ವಿಜಿಎ, ಒಂದು ಎಚ್‌ಡಿಎಂಐ (ಈಗಿನ ಟಿವಿಗಳಲ್ಲೂ ಇರುವ ಸಣ್ಣ ಚಪ್ಪಟೆ ಪೋರ್ಟ್) ಇದೆ. ವಿಜಿಎ ಅಂದರೆ ಆ ನೀಲಿ ಬಣ್ಣದ್ದು, ಮೂರು ಸಾಲಿನಲ್ಲಿ 15 ತೂತು ಇರುವುದು. ಐಬಿಎಂ 1987ರಲ್ಲಿ ತಂದದ್ದು ಇವತ್ತಿಗೂ ಹಳೇ ಮಾನಿಟರುಗಳ ಹಿಂದೆ ಕೂತಿದೆ! ಆ ವಿಜಿಎಗೆ ನನ್ನ ಮೊದಲಿನ ಮಾನಿಟರ್ ಸಿಕ್ಕಿಸಿಯಾಗಿತ್ತು. ಭಾವ ಕೊಟ್ಟದ್ದರಲ್ಲಿ ವಿಜಿಎ ಮತ್ತು ಬಿಳಿ ಬಣ್ಣದ ಡಿವಿಐ ಇತ್ತು, ಎಚ್‌ಡಿಎಂಐ ಇರಲಿಲ್ಲ.

ಇಂಥ ಕಡೆ ಅಂಗಡಿಯವರು ಎಚ್‌ಡಿಎಂಐಯಿಂದ ವಿಜಿಎ ಮಾಡುವ ಕನ್ವರ್ಟರ್ ಕೊಡುತ್ತಾರೆ. ಕೆಲಸ ಮಾಡುತ್ತದೆ, ಇಲ್ಲ ಅಂತಲ್ಲ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್, ಹಾಗಾಗಿ ಅದರೊಳಗೆ ಒಂದು ಚಿಪ್ ಕೂತು ಸಿಗ್ನಲ್ ಬದಲಾಯಿಸುತ್ತದೆ. ಅದೂ ಒಂದೇ ದಿಕ್ಕಿಗೆ. ಕಂಪ್ಯೂಟರಿನಲ್ಲಿ ವಿಜಿಎ, ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದವರು ಇದನ್ನೇ ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಆದರೆ ಮಾನಿಟರಿನಲ್ಲಿ ಡಿವಿಐ ಇದ್ದರೆ ಈ ಕನ್ವರ್ಟರ್ ಯಾಕೆ ಬೇಕು? ಡಿವಿಐಯ ಡಿಜಿಟಲ್ ಸಿಗ್ನಲ್ಲೂ ಎಚ್‌ಡಿಎಂಐ ಸಿಗ್ನಲ್ಲೂ ಒಂದೇ ಜಾತಿ. ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಡಿವಿಐ ಇರುವ ಸಾದಾ ಕೇಬಲ್ ಸಾಕು, ಚಿಪ್ ಬೇಡ, ಅಕ್ಷರವೂ ವಿಜಿಎಗಿಂತ ಚೂಪಾಗಿ ಕಾಣುತ್ತದೆ. ಒತ್ತಕ್ಷರ ನೋಡಿ ನೋಡಿ ಕರಡು ತಿದ್ದುವವರಿಗೆ ಇದು ಸಣ್ಣ ವಿಷಯವಲ್ಲ. ಈ ಕೇಬಲನ್ನು ಕೇಳಿಯೇ ತರಬೇಕು, ತಾವಾಗಿ ಯಾರೂ ತೆಗೆದು ಕೊಡುವುದಿಲ್ಲ.

ಕಂಪ್ಯೂಟರಿನ ಕಡೆ ಡಿವಿಐ ಇದ್ದವರು ಇನ್ನೊಂದು ನೋಡಬೇಕು. ಅದರಲ್ಲಿ ಒಂದು ಚಪ್ಪಟೆ ಸೀಳು ಇರುತ್ತದೆ. ಸೀಳಿನ ಸುತ್ತ ನಾಲ್ಕು ಸಣ್ಣ ತೂತು ಇದ್ದರೆ ಅದು ಡಿವಿಐ-ಐ, ಅನಲಾಗೂ ಹೊರಗೆ ಬರುತ್ತದೆ, ಅಗ್ಗದ ವಿಜಿಎ ಅಡಾಪ್ಟರ್ ನಡೆಯುತ್ತದೆ. ಆ ತೂತು ಇಲ್ಲದಿದ್ದರೆ ಡಿವಿಐ-ಡಿ. ಅಗ್ಗದ ಅಡಾಪ್ಟರಿಗೆ ದುಡ್ಡು ಕೊಟ್ಟರೆ ಸುಮ್ನೆ ದಂಡ.

ಹಾಗೇ ವಿಜಿಎ ಸ್ಪ್ಲಿಟರ್. ಒಂದು ಪೋರ್ಟಿನಿಂದ ಎರಡು ಮಾನಿಟರ್ ಅಂತ ಕೊಡುತ್ತಾರೆ, ಆದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಸಭೆಯಲ್ಲಿ ಪ್ರೊಜೆಕ್ಟರಿಗೆ ಸರಿ, ನಮ್ಮ ಕೆಲಸಕ್ಕೆ ಅಲ್ಲ.

ಬರೀ ಒಂದು ವಿಜಿಎ ಮಾತ್ರ ಇರುವ ಇನ್ನೂ ಹಳೇ ಮದರ್‌ಬೋರ್ಡ್ ಆದರೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. 2016ರಲ್ಲಿ ಬಂದ ಎನ್‌ವಿಡಿಯಾದ ಜಿಟಿ 710 ತರಹದ್ದು ಸಾಕು, 19 ವಾಟ್ ಮಾತ್ರ ತಿನ್ನುತ್ತದೆ, ಎಸ್‌ಎಂಪಿಎಸ್ (ಸಿಪಿಯುವಿನೊಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಬದಲಿಸುವುದು ಬೇಡ. ಸಪೂರ ಕ್ಯಾಬಿನೆಟ್ ಆದರೆ ಗಿಡ್ಡ ಪಟ್ಟಿ ಇರುವ (ಲೋ ಪ್ರೊಫೈಲ್) ಕಾರ್ಡನ್ನೇ ಕೇಳಿ. ಕಾರ್ಡ್ ಹಾಕಿದ ಮೇಲೆ ಮದರ್‌ಬೋರ್ಡಿನ ಹಳೇ ವಿಜಿಎ ಹೆಚ್ಚಾಗಿ ಬಂದ್ ಆಗುತ್ತದೆ. ಹೆದರಬೇಡಿ, ಎರಡು ಮಾನಿಟರನ್ನೂ ಕಾರ್ಡಿಗೇ ಕೊಡಿ. ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರೂ ಸಿಗುತ್ತದೆ, ಹಳೇ ಯುಎಸ್‌ಬಿ 2.0ದಲ್ಲಿ ಟೈಪಿಂಗಿಗೆ ಅಡ್ಡಿಯಿಲ್ಲ, ವಿಡಿಯೋ ಮಾತ್ರ ತಡವರಿಸುತ್ತದೆ.

ಕೇಬಲ್ ಹಾಕಿದ ಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ, ಎರಡನೇ ಸ್ಕ್ರೀನ್ ಮೊದಲಿನದರ ಮುಂದುವರಿಕೆ ಆಗುತ್ತದೆ. ವಿಂಡೋಸ್ 7ರಿಂದಲೂ ಇದು ಇದೆ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಅಂತ ಕಾಣುವ ಚೌಕಗಳನ್ನು ನಿಮ್ಮ ಮೇಜಿನ ಮೇಲೆ ಮಾನಿಟರ್ ಇರುವ ಹಾಗೇ ಎಳೆದಿಡಿ. ಇಲ್ಲದಿದ್ದರೆ ಮೌಸ್ ಎಡಕ್ಕೆ ಒಯ್ದರೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ, ನೀವು ಕೇಬಲ್ ಸರಿ ಇಲ್ಲ ಅಂತ ಅಂದುಕೊಳ್ಳುತ್ತೀರಿ. ವಿಜಿಎಯಲ್ಲಿ ಅಕ್ಷರ ಮಸುಕಾದರೆ ಮಾನಿಟರಿನ ಆಟೋ ಬಟನ್ ಒತ್ತಿ ನೋಡಿ. ಎರಡು ಬೇರೆ ಬೇರೆ ಮಾನಿಟರಿನ ಬಣ್ಣ ಒಂದೇ ತರ ಬರುವುದು ಕಷ್ಟ, ನಾನು ಬಣ್ಣದ ಕೆಲಸವನ್ನು ಒಂದರಲ್ಲೇ ನೋಡುತ್ತೇನೆ.

ಯುಪಿಎಸ್ ಬಗ್ಗೆ ಭಾವ ಕೇಳಿದರು. ಸಣ್ಣ ಎಲ್‌ಇಡಿ ಮಾನಿಟರಿಗೆ ಇಪ್ಪತ್ತು ಇಪ್ಪತ್ತೈದು ವಾಟ್ ಅಷ್ಟೇ, ಬ್ಯಾಟರಿ ಚೆನ್ನಾಗಿದ್ದರೆ ತೊಂದರೆಯಿಲ್ಲ. ನಮ್ಮಲ್ಲಿ ಜಾಸ್ತಿ ಹೆದರಬೇಕಾದದ್ದು ಸಿಡಿಲಿಗೆ, ಅಲ್ವಾ? ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಸಿಪಿಯುವಿನ ಪ್ಲಗ್ ಮಾತ್ರ ತೆಗೆದರೆ ಸಾಲದು. ಎರಡನೇ ಮಾನಿಟರಿನ ಪ್ಲಗ್ ಬೇರೆ ಸ್ವಿಚ್‌ಬೋರ್ಡಿನಲ್ಲಿದ್ದರೆ ಅದು ಕೇಬಲ್ ಮೂಲಕ ಸಿಪಿಯುಗೆ ಸೇರಿಕೊಂಡೇ ಇರುತ್ತದೆ. ನಾನು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿಟ್ಟಿದ್ದೇನೆ, ಗೋಡೆಯಿಂದ ಅದೊಂದನ್ನು ಕಿತ್ತು, ಬ್ರಾಡ್‌ಬ್ಯಾಂಡ್ ವಯರನ್ನೂ ತೆಗೆದಿಡುತ್ತೇನೆ.