ಒಂದು ಗೇಣು ಕಂಬಿ

ಬ್ರೇಕ್ ಪೆಡಲ್ ಗಟ್ಟಿಯಾಗಿಯೇ ಇತ್ತು. ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಪೆಡಲ್ ನೆಲಕ್ಕೆ ಹೋದರೆ ಎಲ್ಲೋ ಆಯಿಲ್ ಲೀಕ್ ಅಂತ ಗೊತ್ತಾಗುತ್ತದೆ, ನಾಲ್ಕು ಸಲ ಪಂಪ್ ಹೊಡೆದು ನೋಡಬಹುದು. ಇಲ್ಲಿ ಕಾಲು ಊರಿದ್ದೇನೆ, ಪೆಡಲ್ ಕಲ್ಲಿನ ಹಾಗೆ ನಿಂತಿದೆ, ಗಾಡಿ ಮಾತ್ರ ಇಳಿಯುತ್ತಲೇ ಇದೆ.

2022ರ ಡಿಸೆಂಬರ್, ಸಂಜೆ ಐದೂವರೆ. ಮೇಲಿನ ತೋಟದಿಂದ 14 ಮೂಟೆ ಅರೇಬಿಕಾ ಕಾಪಿ ಹಣ್ಣು ತುಂಬಿಕೊಂಡು ಬರುತ್ತಿದ್ದೆ. ಒಂದೊಂದು ಮೂಟೆ 50 ಕಿಲೋ ಮೇಲೆಯೇ. ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೀಳಬೇಕು, ರಾತ್ರಿ ಇಟ್ಟರೆ ಹುಳಿ ಬರುತ್ತದೆ, ಮೇಲಿಂದ ಹೊತ್ತಲ್ಲದ ಹೊತ್ತಿನಲ್ಲಿ ಜಿಟಿ ಜಿಟಿ ಮಳೆ ಬೇರೆ. ಹಾಗಾಗಿ ಅವಸರ. ಎರಡು ತಿರುವು ಇಳಿಯುವಾಗಲೇ ಏನೋ ಸುಟ್ಟ ವಾಸನೆ ಬಂತು. ಯಾರೋ ಕೆಲಸದವರ ಲೈನ್ ಮನೆ ಹತ್ತಿರ ಕಸಕ್ಕೆ ಬೆಂಕಿ ಇಟ್ಟಿದ್ದಾರೆ ಅಂದುಕೊಂಡೆ. ಮೂರನೇ ತಿರುವಿನಲ್ಲಿ ಗೊತ್ತಾಯಿತು, ಸುಡುತ್ತಿರುವುದು ನಮ್ಮದೇ. ಬಲಗಡೆ ನೀರು ಹರಿಯುವ ತೋಡು, ಎಡಗಡೆ ದಾರಿ ಪಕ್ಕದ ಮಣ್ಣಿನ ಬರೆ. ಬೇರೆ ಯೋಚನೆ ಮಾಡುವಷ್ಟು ಸಮಯ ಇರಲಿಲ್ಲ, ಎಡಕ್ಕೆ ಎಳೆದು ಬರೆಗೆ ಒರಗಿಸಿದೆ. ಗಾಡಿಯ ಎಡಗಡೆ ಪೂರ್ತಿ ಮಣ್ಣು ಕೆರೆದುಕೊಂಡು, ಒಂದು ಮರದ ಬೇರಿಗೆ ತಗುಲಿ ನಿಂತಿತು. ಎರಡು ಮೂಟೆ ಬಿಚ್ಚಿಹೋಗಿ ಕೆಂಪು ಹಣ್ಣು ದಾರಿ ತುಂಬಾ ಉರುಳಿದವು.

ಜೊತೆಗಿದ್ದ ಹುಡುಗ ಇಳಿದು, "ಅಣ್ಣ, ಮುಂದಿನ ಚಕ್ರದಲ್ಲಿ ಹೊಗೆ ಬರ್ತಾ ಇದೆ, ನೀರು ಹಾಕ್ಲಾ?" ಅಂದ. ಬೇಡ ಅಂದೆ. ಕಾದ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಬಿರುಕು ಬಿಟ್ಟರೂ ಬಿಟ್ಟೀತು. ಅಷ್ಟು ಬುದ್ಧಿ ಇತ್ತು ನನಗೆ. ಹಿಂದಿನ ಚಕ್ರ ಮುಟ್ಟಿ ನೋಡಿದೆ. ತಣ್ಣಗಿತ್ತು. ಮಳೆಗೆ ನೆನೆದ ಕಬ್ಬಿಣ ಎಷ್ಟು ತಣ್ಣಗಿರಬೇಕೋ ಅಷ್ಟೇ. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ ಅನ್ನುವುದೇ ಈಗ ನಾಚಿಕೆ.

ಗಾಡಿ ಬಗ್ಗೆ ಸ್ವಲ್ಪ ಹೇಳಬೇಕು. 2008ರ ಬೊಲೆರೊ ಕ್ಯಾಂಪರ್, ಫೋರ್ ವೀಲ್, 2523 ಸಿಸಿ ಡೀಸೆಲ್. ಅಪ್ಪ ಹೊಸದಾಗಿ ತಂದಿದ್ದು. ಕೊಡಗಿನ ಶಾಂತಳ್ಳಿ ಕಡೆಯ ಮಳೆ ಗೊತ್ತಿರುವವರಿಗೆ ಈ ಗಾಡಿ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಪುಷ್ಪಗಿರಿ ಬೆಟ್ಟಕ್ಕೆ ಬಡಿದ ಮೋಡ ಎಲ್ಲಾ ನಮ್ಮ ತಲೆ ಮೇಲೆಯೇ ಇಳಿಯುತ್ತದೆ. ಗೊಬ್ಬರ, ಸುಣ್ಣ, ಏಲಕ್ಕಿ, ಹುಲ್ಲು, ಒಂದು ಸಲ ಹೆರಿಗೆ ನೋವಿನ ಹೆಂಗಸು, ಎಲ್ಲಾ ಹೊತ್ತಿದೆ. 2018ರ ಆಗಸ್ಟ್‌ನಲ್ಲಿ ಬರೆ ಜರಿದು ದಾರಿಗಳೆಲ್ಲಾ ಮುಚ್ಚಿಹೋದಾಗ ನಮ್ಮ ಕಡೆ ಮೂರು ದಿನ ಓಡಾಡಿದ್ದು ಇದೊಂದೇ ಗಾಡಿ. ಕೆಸರು ಬಂಪರ್ ಮಟ್ಟಕ್ಕಿತ್ತು. ಆಮೇಲೆ ತೊಳೆದು ನಿಲ್ಲಿಸಿದೆವು, ಅಷ್ಟೇ. ಒಳಗೆ ಏನಾಗಿದೆ ಅಂತ ಯಾರೂ ನೋಡಲಿಲ್ಲ.

ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಗಾಡಿ ನನ್ನ ಕೈಗೆ ಬಂತು. ಮಾಂದಲ್‌ಪಟ್ಟಿ ಬೆಟ್ಟದ ಕಡೆ ಪ್ರವಾಸಿಗರನ್ನು ಹೊತ್ತು ಓಡುವ ಜೀಪುಗಳನ್ನು ನೋಡಿ ನೋಡಿ ನನಗೂ ಒಂದು ಹುಚ್ಚು. 2022ರ ಬೇಸಿಗೆಯಲ್ಲಿ ಜಿಲ್ಲೆಯ ಹೊರಗಿನ ಒಂದು ಗ್ಯಾರೇಜಿನಲ್ಲಿ 38,000 ರೂಪಾಯಿ ಕೊಟ್ಟು ಲಿಫ್ಟ್, ಅಂದರೆ ಗಾಡಿಯ ಎತ್ತರ ಜಾಸ್ತಿ, ಮಾಡಿಸಿದೆ. ಗಾಡಿಯ ಭಾರ ಹೊರುವ ಹಿಂದಿನ ಸ್ಪ್ರಿಂಗ್ ಪ್ಲೇಟ್ ಸೆಟ್‌ಗೆ ಒಂದು ಪ್ಲೇಟ್ ಜಾಸ್ತಿ, ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶಾಕಲ್ ಉದ್ದದ್ದು, ಮುಂದೆಯೂ ಒಂದು ಪ್ಲೇಟ್. ಜೊತೆಗೆ ಇಬ್ಬರು ಹಿಡಿದು ಎತ್ತಬೇಕಾದ ಕಬ್ಬಿಣದ ಬಂಪರ್. "ಮೂರು ಇಂಚು ಎತ್ತರ ಬರುತ್ತೆ" ಅಂದಿದ್ದರು. ಮನೆಗೆ ಬಂದು ಟೇಪ್ ಹಿಡಿದರೆ ಎರಡೇ. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಯಾಕೆಂದರೆ ಪ್ಲೇಟಿನ ಒಂದು ತುದಿ ಮಾತ್ರ ಕೆಳಗೆ ಹೋಗುತ್ತದೆ, ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಆ ಲೆಕ್ಕ ಅವತ್ತು ನನಗೂ ಗೊತ್ತಿರಲಿಲ್ಲ, ಹೇಳಿದವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಪ್ಪ ಅಂಗಳದಲ್ಲಿ ನಿಂತು ಒಂದು ಸುತ್ತು ನೋಡಿ, "ಹತ್ತೋಕೆ ಸ್ಟೂಲ್ ಕೊಡ್ತಾರಂತಾ?" ಅಂದರು.

ಅವತ್ತು ಬರೆಗೆ ಒರಗಿದ ಮೇಲೆ ಮುಕ್ಕಾಲು ಗಂಟೆ ಕಾದು, ಫೋರ್ ವೀಲ್ ಲೋ ಹಾಕಿ, ಫಸ್ಟ್ ಗೇರಿನಲ್ಲಿ ಬ್ರೇಕ್ ಮುಟ್ಟದೆ ಮನೆಗೆ ಇಳಿಸಿದೆ. ಇಂಜಿನ್ನೇ ಹಿಡಿದುಕೊಂಡು ಇಳಿಯಿತು. ನಡೆದುಕೊಂಡು ಹೋಗುವವರಿಗಿಂತ ನಿಧಾನ. ಪಲ್ಪರ್ ನಿಲ್ಲಿಸುವಾಗ ರಾತ್ರಿ ಹನ್ನೊಂದೂವರೆ.

ಸೋಮವಾರಪೇಟೆಯಲ್ಲಿ ನಮ್ಮ ಗಾಡಿ ಮೊದಲಿಂದ ನೋಡುತ್ತಿರುವವರು ಒಬ್ಬರು ಹಳೇ ಮೇಸ್ತ್ರಿ. ನಾವೆಲ್ಲಾ ಕಾಕ ಅಂತಲೇ ಕರೆಯುವುದು. ಲಿಫ್ಟ್ ಮಾಡಿಸುವಾಗ ಅವರನ್ನು ಕೇಳಿರಲಿಲ್ಲ, ಆ ಅಳುಕು ಬೇರೆ ಇತ್ತು. ಮಾರನೇ ದಿನ ಖಾಲಿ ಗಾಡಿ ಮೆಲ್ಲಗೆ ಓಡಿಸಿಕೊಂಡು ಹೋದೆ. ಕಾಕ ಒಂದು ರೌಂಡ್ ಹೊಡೆದು ಬಂದು, "ಬ್ರೇಕ್ ಹಿಡೀತದಲ್ಲ" ಅಂದರು. ಲೋಡ್ ಇದ್ದಾಗ ಹಿಡಿಯುವುದಿಲ್ಲ ಅಂದೆ.

"ಹಾಗಾದ್ರೆ ಲೋಡ್ ಹಾಕ್ಕೊಂಡು ಬಾ. ಜ್ವರ ಬಿಟ್ಟ ಮೇಲೆ ಡಾಕ್ಟ್ರ ಹತ್ರ ಬಂದ್ರೆ ಅವರೇನು ಮಾಡ್ತಾರೆ?"

ಪಕ್ಕದ ಸಿಮೆಂಟ್ ಅಂಗಡಿಯಿಂದ 12 ಮೂಟೆ ಸಿಮೆಂಟ್ ಕೇಳಿ ತಂದು ತುಂಬಿದೆವು. ಕಾಕ ಗೋಣಿಚೀಲ ಹಾಸಿ ಗಾಡಿ ಅಡಿಗೆ ನುಗ್ಗಿದರು. ಎರಡು ನಿಮಿಷ ಸದ್ದೇ ಇಲ್ಲ. ಆಮೇಲೆ, "ಮೋನೆ, ನೀನೂ ಬಾ ಇಲ್ಲಿ."

ಅಡಿಯಲ್ಲಿ ಮಲಗಿದರೆ ಮುಖದ ಮೇಲೆ ಒಣಗಿದ ಕೆಸರು ಉದುರುತ್ತಿತ್ತು. ಕಾಕ ಟಾರ್ಚ್ ಬಿಟ್ಟು ತೋರಿಸಿದರು. ಎರಡು ಹಿಂದಿನ ಚಕ್ರದ ನಡುವಿನ ಆಕ್ಸಲ್ ಹೌಸಿಂಗ್‌ನಿಂದ ಒಂದು ತೆಳು ಕಂಬಿ ಮೇಲಕ್ಕೆ ಹೋಗಿ ಚಾಸಿಗೆ ಕೂರಿಸಿದ ಒಂದು ಮುಷ್ಟಿ ಗಾತ್ರದ ವಾಲ್ವ್‌ಗೆ ಸೇರುತ್ತದೆ. ಕಂಬಿ ಅಂದರೆ ಒಂದು ಗೇಣು, ಕಿರುಬೆರಳಿಗಿಂತ ಸಣ್ಣ. ಹದಿನಾಲ್ಕು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಎಲ್‌ಎಸ್‌ಪಿವಿ, ಲೋಡ್ ಸೆನ್ಸಿಂಗ್ ಪ್ರೊಪೋರ್ಶನಿಂಗ್ ವಾಲ್ವ್ ಅಂತಾರೆ. ಅದರ ಕೆಲಸ ಇಷ್ಟೇ: ಗಾಡಿಗೆ ಲೋಡ್ ಬಿದ್ದರೆ ಪ್ಲೇಟ್ ತಗ್ಗಿ ಚಾಸಿ ಹೌಸಿಂಗ್ ಹತ್ತಿರಕ್ಕೆ ಬರುತ್ತದೆ, ಆಗ ಕಂಬಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಹೋಗುತ್ತದೆ. ಖಾಲಿ ಇದ್ದಾಗ ಚಾಸಿ ಮೇಲೆ ಇರುತ್ತದೆ, ಹಿಂದಕ್ಕೆ ಕಡಿಮೆ ಪ್ರೆಶರ್. ಇಲ್ಲದಿದ್ದರೆ ಖಾಲಿ ಗಾಡಿಯ ಹಗುರ ಹಿಂಭಾಗ ಬ್ರೇಕ್ ಹಿಡಿದ ಕೂಡಲೇ ಲಾಕ್ ಆಗಿ ಜಾರುತ್ತದೆ.

ನಾನೇನು ಮಾಡಿದ್ದೆ? ಗಾಡಿಯನ್ನು ಎರಡು ಇಂಚು ಎತ್ತಿದ್ದೆ. ಕಂಬಿ ಅಷ್ಟೇ ಉದ್ದ ಉಳಿದಿತ್ತು. 700 ಕಿಲೋ ಹೇರಿದರೂ ಆ ವಾಲ್ವ್ ಪಾಲಿಗೆ ಗಾಡಿ ಖಾಲಿ. ಹಿಂದಿನ ಡ್ರಮ್ಮುಗಳು ಸುಮ್ನೆ ಕೂತಿದ್ದವು, ಅಷ್ಟೂ ಭಾರ ಮುಂದಿನ ಎರಡು ಡಿಸ್ಕ್ ಮೇಲೆ. ಅದರ ಮೇಲೆ ನನ್ನ ಕಬ್ಬಿಣದ ಬಂಪರ್. ಪ್ಯಾಡ್ ಕಾದು ಹಿಡಿತ ಬಿಟ್ಟಿತ್ತು, ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದ್ದು ಅದಕ್ಕೆ. ಹಿಂದಿನ ಚಕ್ರ ತಣ್ಣಗಿದ್ದದ್ದೂ ಅದಕ್ಕೇ.

ಕಾಕ ಬಯ್ಯುತ್ತಾರೆ ಅಂತ ಕಾಯುತ್ತಿದ್ದೆ. ಬಯ್ದರು, ಆದರೆ ಲಿಫ್ಟಿಗಲ್ಲ.

"ಯಾವ ಗೇರಲ್ಲಿ ಇಳೀತಾ ಇದ್ದೆ?"

"ಥರ್ಡ್, ಕಾಕ."

"ಲೋ ಗೇರ್ ಕೊಟ್ಟಿರೋದು ಹತ್ತೋಕೆ ಮಾತ್ರ ಅಂದ್ಕೊಂಡ್ಯಾ?"

ಅಲ್ಲಿದ್ದ ಇನ್ನೊಬ್ಬ ಡ್ರೈವರ್ ಒಂದು ಸಲಹೆ ಕೊಟ್ಟ. ಆ ವಾಲ್ವ್ ಕಿತ್ತು ಬಿಸಾಕಿ ಪೈಪನ್ನು ನೇರ ಸೇರಿಸಿಬಿಡಿ, ಎಲ್ಲಾ ಹಾಗೇ ಮಾಡೋದು ಅಂತ. ನಿಜ, ಸುಮಾರು ಗಾಡಿಗಳಲ್ಲಿ ಹಾಗೇ ಮಾಡಿರುತ್ತಾರೆ. ಕಾಕ ಒಪ್ಪಲಿಲ್ಲ. ಮಳೆಗಾಲದಲ್ಲಿ ಖಾಲಿ ಗಾಡಿ ಪಾಚಿ ಹಿಡಿದ ಕಾಂಕ್ರೀಟ್ ಮೇಲೆ ಇಳಿಯುವಾಗ ಹಿಂದಿನದು ಮುಂದೆ ಬಂದು ನಿಲ್ಲುತ್ತದೆ ಅಂದರು. ನಮ್ಮ ಕಡೆ ವರ್ಷದಲ್ಲಿ ಐದು ತಿಂಗಳು ಅದೇ ಕಾಂಕ್ರೀಟು.

ಆಮೇಲೆ ಒಂದೊಂದೇ ಹೊರಬಿತ್ತು. 50ರ ಸ್ಪೀಡ್ ದಾಟಿದರೆ ಸೀಟಿನ ಅಡಿಯಲ್ಲಿ ಗುಂಯ್ ಅನ್ನುತ್ತಿತ್ತು. ನಾನು ವೀಲ್ ಬ್ಯಾಲೆನ್ಸಿಂಗ್ ಅಂತ ಎರಡು ಸಲ ದುಡ್ಡು ಕೊಟ್ಟಿದ್ದೆ. ಅದು ಉದ್ದದ ಶಾಕಲ್‌ನ ಕೆಲಸ. ಶಾಕಲ್ ಪ್ಲೇಟಿನ ಹಿಂದಿನ ತುದಿಯನ್ನು ಮಾತ್ರ ಕೆಳಗೆ ತಳ್ಳಿ ಹೌಸಿಂಗನ್ನೇ ತಿರುಗಿಸಿತ್ತು, ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ಪಿನಿಯನ್ ಮೂಗು ಮೇಲಕ್ಕೆ ಎದ್ದಿತ್ತು. ಆ ಶಾಫ್ಟಿನ ಜಾಯಿಂಟ್ ಓರೆಯಾಗಿ ತಿರುಗುವಾಗ ಒಂದೇ ಸಮ ತಿರುಗುವುದಿಲ್ಲ, ಒಂದು ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗುತ್ತದೆ. ಎರಡು ತುದಿಯ ಜಾಯಿಂಟೂ ಒಂದೇ ಓರೆಯಲ್ಲಿದ್ದರೆ ಇದರ ಏರುಪೇರನ್ನು ಅದು ಸರಿ ಮಾಡುತ್ತದೆ. ನನ್ನ ಗಾಡಿಯಲ್ಲಿ ಒಂದು ಒಂದು ಕಡೆ ನೋಡುತ್ತಿತ್ತು, ಇನ್ನೊಂದು ಇನ್ನೊಂದು ಕಡೆ. ಜಾಯಿಂಟಿನೊಳಗಿನ ಕ್ರಾಸ್ ಬಿಚ್ಚಿದರೆ ಬೇರಿಂಗ್ ಸೂಜಿಗಳು ಪುಡಿಯಾಗಿ ಗ್ರೀಸ್ ಜೊತೆ ಕೆಂಪು ಬಣ್ಣದಲ್ಲಿ ಬಂದವು. ಹಿಂದಿನ ಬ್ರೇಕ್ ಹೋಸ್ ಅಂತೂ ಚಕ್ರ ಗುಂಡಿಗೆ ಇಳಿದಾಗ ತಂತಿ ಹಾಗೆ ಬಿಗಿಯುತ್ತಿತ್ತು. ಅದು ಇಷ್ಟು ದಿನ ಹೇಗೆ ಉಳಿದಿತ್ತೋ.

ಹೌಸಿಂಗ್ ಆಯಿಲ್ ಬಿಚ್ಚಿದಾಗ ಮಾತ್ರ ನನ್ನ ತಪ್ಪಲ್ಲದ್ದೊಂದು ಸಿಕ್ಕಿತು. ಹಾಲು ಜಾಸ್ತಿ ಹಾಕಿದ ಕಾಪಿ ಬಣ್ಣ. ಒಳಗೆ ನೀರು. ಓಡಿ ಓಡಿ ಕಾದ ಹೌಸಿಂಗ್ ತಣ್ಣನೆ ತೋಡಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿ ಆಡುವ ತೂತಾದ ಬ್ರೀದರ್‌ನಿಂದಲೋ ಸೀಲಿನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. 2018ರಲ್ಲೇ ಹೋದ ನೀರೋ ಆಮೇಲಿನದ್ದೋ, ಯಾರಿಗೆ ಗೊತ್ತು. ಕಾಕ ಬ್ರೀದರ್ ಬಿಚ್ಚಿ, ಅಲ್ಲಿಗೆ ನಾಲ್ಕು ಅಡಿ ಡೀಸೆಲ್ ಹೋಸ್ ಸಿಕ್ಕಿಸಿ, ಡೀಸೆಲ್ ಹಾಕುವ ಮುಚ್ಚಳದ ಹಿಂದೆ ಎತ್ತರಕ್ಕೆ ತಂದು ಕಟ್ಟಿದರು. ಮುಂದಿನದಕ್ಕೂ ಹಾಗೇ. ಖರ್ಚು ಇನ್ನೂರು ರೂಪಾಯಿ ಒಳಗೆ. ಈ ಗಾಡಿಗೆ ಉಪಯೋಗಕ್ಕೆ ಬಂದ ಮಾಡಿಫಿಕೇಶನ್ ಅಂದರೆ ಅದೊಂದೇ ಅಂತ ನನ್ನ ಲೆಕ್ಕ.

ಉದ್ದದ ಶಾಕಲ್ ಹೋಯಿತು, ಹಳೆಯದು ಬಂತು. ಹಿಂದೆ ಒಂದು ಪ್ಲೇಟ್ ಜಾಸ್ತಿ ಇರುವುದನ್ನು ಕಾಕ ಬಿಟ್ಟರು, ಮೂಟೆ ಹೊರುವ ಗಾಡಿಗೆ ಇರಲಿ ಅಂತ. ಕಂಬಿಯನ್ನು ಅದಕ್ಕೆ ಸರಿಯಾಗಿ ಒಂದು ಇಂಚು ಉದ್ದ ಮಾಡಿಸಿ, ಸಿಮೆಂಟ್ ಮೂಟೆ ಹಾಕಿ ಇಳಿಸಿ ಹಾಕಿ ಇಳಿಸಿ, ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಬ್ರೇಕ್ ಹೊಡೆದು ನೋಡಿ ಸೆಟ್ ಮಾಡಿದರು. ಸಿಮೆಂಟ್ ಹೊತ್ತು ನನ್ನ ಸೊಂಟ ಹೋಗಿತ್ತು. ಬಾಡಿಯ ನೆಲ ಪೊಟ್ಯಾಷ್ ಚೀಲಗಳಿಂದ ತಿಂದುಹೋಗಿ ಜರಡಿಯಾಗಿತ್ತು. ಚೆಕ್ಕರ್ ಪ್ಲೇಟಿನ ಕಬ್ಬಿಣದ ಹಾಳೆ ಪೂರ್ತಿ ಹಾಕಿಸೋಣ ಅಂದೆ. ಆದರೆ 3 ಎಂಎಂ ಪ್ಲೇಟ್ ಒಂದು ಚದರ ಮೀಟರಿಗೆ 25 ಕಿಲೋ ಹತ್ತಿರ ತೂಗುತ್ತದೆ, ಪೂರ್ತಿ ಹಾಕಿದರೆ ಒಂದು ಮೂಟೆ ಕಾಪಿ ಯಾವಾಗಲೂ ಹೊತ್ತುಕೊಂಡೇ ತಿರುಗಿದ ಹಾಗೆ. ತೂತಿದ್ದ ಕಡೆ ಮಾತ್ರ ಪ್ಯಾಚ್ ಹೊಡೆಸಿದೆ. ಕಾಕನ ಬಿಲ್ ಸಾಮಾನು ಸೇರಿ 9,200. ಬೀಡಿ ಕಟ್ಟಿನ ಕಾಗದದ ಮೇಲೆ ಬರೆದು ಕೊಟ್ಟರು.

ಬಂಪರ್ ಬಿಚ್ಚಿದ್ದು ಕೊನೆಗೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. 2023ಕ್ಕೆ ಗಾಡಿಗೆ 15 ವರ್ಷ, ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಬೇಕಿತ್ತು. ಇಂಥ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಬೇಕಾಬಿಟ್ಟಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇದೆಲ್ಲಾ ಲಿಫ್ಟ್ ಮಾಡಿಸುವ ಮೊದಲೇ ಓದಬಹುದಿತ್ತು. ಬಿಡಿ. ಬಂಪರ್ ಈಗ ಕೊಟ್ಟಿಗೆ ಹಿಂದೆ ಇದೆ, ಅಮ್ಮ ಅದರ ಮೇಲೆ ಗೋಣಿಚೀಲ ಒಣಗಿಸುತ್ತಾರೆ.

ಮುಂದಿನ ವರ್ಷದ ಕೊಯ್ಲಿಗೆ ಅದೇ ದಾರಿಯಲ್ಲಿ 14 ಮೂಟೆ ಹಾಕಿಕೊಂಡು ಇಳಿದೆ. ಲೋ ಗೇರ್, ಸೆಕೆಂಡ್. ಅಪ್ಪ ಪಕ್ಕದಲ್ಲಿ ಕೂತಿದ್ದರು. ಮೂರನೇ ತಿರುವಿನಲ್ಲಿ ಬರೆಯ ಮೇಲಿನ ಗೀರು ಇನ್ನೂ ಕಾಣುತ್ತಿತ್ತು. ಕೆಳಗೆ ಬಂದ ಮೇಲೆ ನಾಲ್ಕೂ ಚಕ್ರ ಮುಟ್ಟಿ ನೋಡಿದೆ, ಹಿಂದಿನವೂ ಬೆಚ್ಚಗಿದ್ದವು. ಅಪ್ಪ ಏನೂ ಹೇಳಲಿಲ್ಲ, ಟಾರ್ಪಾಲಿನ ಹಗ್ಗ ಸರಿಯಾಗಿ ಕಟ್ಟಿಲ್ಲ ಅಂದರು.

ಮೊನ್ನೆ ಮಲ್ಲಳ್ಳಿ ಫಾಲ್ಸ್ ದಾರಿಯಲ್ಲಿ ಕಾಪಿ ಕುಡಿಯುತ್ತಿದ್ದಾಗ, ಹೊಸ ಫೋರ್ ವೀಲ್ ಗಾಡಿಯಲ್ಲಿ ಬಂದ ಒಬ್ಬ ಹುಡುಗ ನಮ್ಮ ಕ್ಯಾಂಪರ್ ಸುತ್ತು ಹೊಡೆದು, "ಏನೇನು ಮಾಡಿಸಿದ್ದೀರಾ ಸಾರ್?" ಅಂತ ಕೇಳಿದ. ನನಗೆ ಇಷ್ಟು ಸಾಕಲ್ವಾ. ಅವನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಬಗ್ಗಿಸಿ, ಮೊಬೈಲ್ ಟಾರ್ಚ್ ಹಾಕಿ ಆ ಕಂಬಿ ತೋರಿಸಿದೆ. ವೆಲ್ಡ್ ಮಾಡಿದ ಒಂದು ಇಂಚನ್ನೂ ತೋರಿಸಿದೆ. ಅವನು ತುಂಬಾ ಮರ್ಯಾದೆಯಿಂದ ನೋಡಿದ. ಆಮೇಲೆ ಎದ್ದು ಪ್ಯಾಂಟಿನ ಮಣ್ಣು ಒದರಿಕೊಂಡು, "ಟೈರ್ ಎಷ್ಟು ಇಂಚು ಸಾರ್?" ಅಂದ.