ಡಲಾನೆಗಾಗೆ ಹೋಗ್ತೀರಾ? ಒಂದು ರಾತ್ರಿ ಉಳಿಯುವ ಹಾಗೆ ಹೋಗಿ

ಅಟ್ಲಾಂಟಾ ಕಡೆಯ ನಮ್ಮವರು ಡಲಾನೆಗಾಗೆ ಹೋಗುವುದು ಹೆಚ್ಚುಕಮ್ಮಿ ಒಂದೇ ರೀತಿ. ಅಕ್ಟೋಬರ್ ಕೊನೆಯ ಶನಿವಾರ ಎಲೆಗಳ ಬಣ್ಣ ನೋಡೋಣ ಅಂತ ಹೊರಡುತ್ತಾರೆ. ಊರೊಳಗೆ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತು ಹೊಡೆಯುತ್ತಾರೆ. ಐಸ್ ಕ್ರೀಮ್ ತಿಂದು, ನಾಲ್ಕು ಫೋಟೊ ತೆಗೆದು ವಾಪಸ್. ಆಮೇಲೆ "ಊರು ಚೆನ್ನಾಗಿದೆ, ಆದರೆ ನೋಡೋಕೆ ಅಂಥದ್ದೇನಿಲ್ಲ" ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಉತ್ತರ ಜಾರ್ಜಿಯಾದ ಬೆಟ್ಟಗಳ ಬುಡದಲ್ಲಿರುವ, ಏಳೂವರೆ ಸಾವಿರದಷ್ಟು ಜನರ ಈ ಊರಿಗೆ ಎರಡು ದಿನ ಕೊಡಿ. ಒಂದು ದಿನ ಚಿನ್ನಕ್ಕೆ, ಇನ್ನೊಂದು ದಿನ ಬೆಟ್ಟಕ್ಕೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೈಗೆ ಸಿಗುವುದಿಲ್ಲ.

ದಾರಿ ಸುಲಭ. ಜಾರ್ಜಿಯಾ 400 ಹಿಡಿದು ಉತ್ತರಕ್ಕೆ ಹೋಗುತ್ತಾ ಇರಿ. ಆ ರಸ್ತೆ ಮುಗಿಯುವಲ್ಲಿ ಎಡಕ್ಕೆ ತಿರುಗಿ ಹೈವೇ 60ರಲ್ಲಿ ಸ್ವಲ್ಪ ದೂರ ಹೋದರೆ ಊರು. ಅಟ್ಲಾಂಟಾದ ನಡುವಿನಿಂದ ಸುಮಾರು 65 ಮೈಲಿ. ಆಲ್ಫರೆಟ್ಟಾ, ಕಮಿಂಗ್ ಕಡೆಯವರಿಗೆ ಇನ್ನೂ ಹತ್ತಿರ. ನಾವು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ, ಗುರುವಾರ ಮತ್ತು ಶುಕ್ರವಾರ. ಊರಿಂದ ಅತ್ತೆ ಮಾವ ಬಂದಿದ್ದರು, ಜೊತೆಗೆ ನಮ್ಮ ಇಬ್ಬರು ಮಕ್ಕಳು. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರೇ ನಮ್ಮಲ್ಲಿ ಜಾಸ್ತಿ ಅಲ್ವಾ, ಅದಕ್ಕೇ ಅವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರ ನಡುವಿನ ಚೌಕಕ್ಕೆ ಹೋಗಿ. ಅಲ್ಲಿರುವ ಇಟ್ಟಿಗೆಯ ಹಳೇ ಕಟ್ಟಡವೇ ಗೋಲ್ಡ್ ಮ್ಯೂಸಿಯಂ. 1836ರಲ್ಲಿ ಕೋರ್ಟ್ ಆಗಿ ಕಟ್ಟಿದ್ದು. ಇಲ್ಲಿನ ಮಣ್ಣಿನಲ್ಲೇ ಇಟ್ಟಿಗೆ ಸುಟ್ಟಿದ್ದರಿಂದ ಗೋಡೆಯಲ್ಲೂ ಚಿನ್ನದ ಸಣ್ಣ ಅಂಶ ಇದೆ. ಮಕ್ಕಳಿಗೆ ಇದನ್ನು ಹೇಳಿಬಿಟ್ಟರೆ ಅವರು ಗೋಡೆ ಬಿಟ್ಟು ಬರುವುದಿಲ್ಲ, ಎಚ್ಚರ. ಒಳಗೆ ಈ ಸುತ್ತಲಿನ ಚಿನ್ನದ ಗಟ್ಟಿಗಳು, ಹಳೇ ಸಲಕರಣೆ, ಇಲ್ಲಿ ಟಂಕಿಸಿದ ನಾಣ್ಯಗಳು ಇವೆ. ಮಹಡಿಯಲ್ಲಿ ಕೋರ್ಟ್ ನಡೆಯುತ್ತಿದ್ದ ಕೋಣೆಯಲ್ಲೇ ಕೂರಿಸಿ ಒಂದು ಚಿಕ್ಕ ಫಿಲ್ಮ್ ತೋರಿಸುತ್ತಾರೆ. ಅದನ್ನು ಬಿಡಬೇಡಿ. ಆಮೇಲೆ ಗಣಿಗೆ ಹೋದಾಗ ಗೈಡ್ ಹೇಳುವುದು ಅರ್ಧಕ್ಕರ್ಧ ಸುಲಭವಾಗಿ ತಲೆಗೆ ಹೋಗುತ್ತದೆ. ಮೊದಲು ಗಣಿ, ಆಮೇಲೆ ಮ್ಯೂಸಿಯಂ ಅಂತ ತಿರುಗು ಮುರುಗು ಮಾಡಿಕೊಂಡವರು ಮ್ಯೂಸಿಯಂನಲ್ಲಿ ಆಕಳಿಸುತ್ತಾ ನಿಂತಿರುವುದನ್ನು ನೋಡಿದ್ದೇನೆ.

ಕ್ಯಾಲಿಫೋರ್ನಿಯಾಕ್ಕೆ ಜನ ಮುಗಿಬೀಳುವುದಕ್ಕೆ ಎರಡು ದಶಕ ಮೊದಲೇ, 1829ರ ಹೊತ್ತಿಗೆ, ಈ ಸೀಮೆಗೆ ಚಿನ್ನದ ಆಸೆಗೆ ಸಾವಿರಾರು ಜನ ಬಂದಿಳಿದಿದ್ದರು. ಎಷ್ಟು ಚಿನ್ನ ಸಿಗುತ್ತಿತ್ತು ಅಂದರೆ ಅಮೆರಿಕ ಸರಕಾರ ಇಲ್ಲೇ ಒಂದು ಟಂಕಸಾಲೆ ಕಟ್ಟಿತು. 1838ರಿಂದ 1861ರವರೆಗೆ ಇಲ್ಲಿ ಚಿನ್ನದ ನಾಣ್ಯ ಟಂಕಿಸಿದರು. ಆ ಕಟ್ಟಡ 1878ರಲ್ಲಿ ಸುಟ್ಟುಹೋಯಿತು. ಅದರ ಅಡಿಪಾಯದ ಮೇಲೆಯೇ ಈಗಿನ ಯೂನಿವರ್ಸಿಟಿ ಆಫ್ ನಾರ್ತ್ ಜಾರ್ಜಿಯಾದ ಪ್ರೈಸ್ ಮೆಮೋರಿಯಲ್ ಹಾಲ್ ನಿಂತಿದೆ. ಚೌಕದಿಂದ ನಡೆದೇ ಹೋಗಬಹುದು. ಗೋಪುರಕ್ಕೆ ಚಿನ್ನದ ತಗಡು ಹೊದಿಸಿದ್ದಾರೆ. ಸಂಜೆ ಬಿಸಿಲು ಬೀಳುವ ಹೊತ್ತಿಗೆ ಹೋಗಿ ನೋಡಿ. ಅಟ್ಲಾಂಟಾದಲ್ಲಿ ದಿನಾ ಕಾಣುವ ವಿಧಾನಸಭೆಯ ಗುಮ್ಮಟ ಇದೆಯಲ್ಲ, ಅದಕ್ಕೂ 1958ರಲ್ಲಿ ಚಿನ್ನ ಹೋಗಿದ್ದು ಈ ಊರಿಂದಲೇ, ಹಳೇ ಕಾಲದ ಗಾಡಿಗಳ ಮೆರವಣಿಗೆಯಲ್ಲಿ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಈ ಚಿನ್ನ ಸಿಕ್ಕಿದ್ದು ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ನೆಲದಲ್ಲಿ. 1832ರಲ್ಲಿ ಜಾರ್ಜಿಯಾ ರಾಜ್ಯ ಅವರ ನೆಲವನ್ನು ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. 1838ರಲ್ಲಿ ಸೈನ್ಯ ಬಂದು ಅವರನ್ನು ಮನೆಗಳಿಂದ ಎಬ್ಬಿಸಿ, ಈಗಿನ ಓಕ್ಲಹೋಮಾದವರೆಗೆ ಅಟ್ಟಿತು. ದಾರಿಯಲ್ಲೂ ಶಿಬಿರಗಳಲ್ಲೂ ಸುಮಾರು 4,000 ಜನ ಸತ್ತರು ಎಂಬ ಅಂದಾಜಿದೆ. ಚೌಕದ ಅಂಗಡಿಗಳಲ್ಲಿ ಚಿನ್ನದ ಕಥೆ ಎಲ್ಲೆಲ್ಲೂ ಕಾಣುತ್ತದೆ, ಈ ಕಥೆಯನ್ನು ನಾವೇ ಹುಡುಕಿ ಓದಬೇಕು. ಇನ್ನೊಂದು ದಿನ ಬಿಡುವಿದ್ದರೆ ಪಶ್ಚಿಮಕ್ಕೆ ಒಂದೂವರೆ ಗಂಟೆಯೊಳಗೆ ಸಿಗುವ ನ್ಯೂ ಎಕೋಟಾಗೆ ಹೋಗಿ. ಅದು ಚೆರೋಕಿಗಳ ರಾಜಧಾನಿಯಾಗಿತ್ತು. 1828ರಲ್ಲಿ ಅವರು ತಮ್ಮದೇ ಲಿಪಿಯಲ್ಲಿ ಪತ್ರಿಕೆ ಅಚ್ಚು ಹಾಕಲು ಶುರು ಮಾಡಿದ್ದು ಅಲ್ಲಿ. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಗಣಿಗೆ ಬರೋಣ. ಊರಿಗೆ ಅಂಟಿದಂತೆಯೇ ಕನ್ಸಾಲಿಡೇಟೆಡ್ ಗೋಲ್ಡ್ ಮೈನ್ ಇದೆ. 1900ರ ಸುಮಾರಿಗೆ ಶುರುವಾಗಿ 1906ರಲ್ಲೇ ಮುಚ್ಚಿದ ಗಣಿ. ಗೈಡ್ ಜೊತೆ ಸುಮಾರು 200 ಅಡಿ ಕೆಳಗೆ ಇಳಿಯಬಹುದು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಳಗೆ ವರ್ಷವಿಡೀ ತಂಪು, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಇಳಿಜಾರಿದೆ, ಮೆಟ್ಟಿಲಿದೆ, ನೆಲ ಒದ್ದೆ. ಮಂಡಿನೋವು ಇರುವವರು ಟಿಕೆಟ್ ತೆಗೆದುಕೊಳ್ಳುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ನನ್ನ ಮಾವ ಕೋಲಾರದ ಕಡೆಯವರು. ಅವರ ಚಿಕ್ಕಂದಿನಲ್ಲಿ ಪಕ್ಕದ ಊರುಗಳಿಂದ ಜನ ಕೆಜಿಎಫ್‌ಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದರಂತೆ. ಅಲ್ಲಿನ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ, 2001ರಲ್ಲಿ ಮುಚ್ಚಿತು. ಅಷ್ಟು ಹತ್ತಿರ ಬೆಳೆದರೂ ಒಳಗೆ ಇಳಿದು ನೋಡಿರಲಿಲ್ಲ. ಇಲ್ಲಿ ಗೈಡ್ ಟಾರ್ಚ್ ಹಿಡಿದು ಬಂಡೆಯಲ್ಲಿ ಓಡುವ ಬಿಳಿ ಸ್ಫಟಿಕದ ಪಟ್ಟಿ ತೋರಿಸಿದಾಗ ಅವರು ಬೆರಳಲ್ಲಿ ಅದನ್ನು ಮುಟ್ಟುತ್ತಾ ಆ ಉದ್ದಕ್ಕೂ ನಡೆದರು. ಆಮೇಲೆ ಗೈಡನ್ನು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು: ಗಾಳಿ ಎಲ್ಲಿಂದ ಬರುತ್ತಿತ್ತು, ನೀರು ಹೇಗೆ ಎತ್ತುತ್ತಿದ್ದರು, ಕೂಲಿ ಎಷ್ಟು. ನಾನು ನಡುವೆ ನಿಂತು ಇಂಗ್ಲಿಷಿಗೆ ಹೇಳಿ ಹೇಳಿ ಸುಸ್ತಾದೆ. ನಿಮ್ಮ ಜೊತೆ ಊರಿಂದ ಬಂದ ಹಿರಿಯರಿದ್ದರೆ ಸುಮ್ನೆ ಬೆಂಚಿನ ಮೇಲೆ ಕೂರಿಸಿ ಹೋಗಬೇಡಿ. ಅವರಿಗೆ ಕೇಳಲು ನಮಗಿಂತ ಜಾಸ್ತಿ ಇರುತ್ತದೆ.

ಗಣಿ ನೋಡಿದ ಮೇಲೆ ಚಿನ್ನ ಹುಡುಕುವ ಆಟ. ಅದನ್ನು ಅಲ್ಲೇ ಮಾಡಬಹುದು, ಇಲ್ಲವೇ ಸ್ವಲ್ಪ ಆಚೆ ಇರುವ ಕ್ರಿಸನ್ ಗೋಲ್ಡ್ ಮೈನ್‌ನಲ್ಲಿ ಮಾಡಬಹುದು. ಕ್ರಿಸನ್‌ನಲ್ಲಿ ಕಲ್ಲು ಕುಟ್ಟುವ ಹಳೇ ಯಂತ್ರವನ್ನು ಓಡಿಸಿ ತೋರಿಸುತ್ತಾರೆ. ಅದರ ಸದ್ದಿಗೇ ಮಕ್ಕಳು ಬೆರಗಾಗುತ್ತಾರೆ. ಅಗಲವಾದ ಪ್ಯಾನ್ ತುಂಬ ಮರಳು ಕೊಡುತ್ತಾರೆ, ಎದುರಿಗೆ ನೀರಿನ ತೊಟ್ಟಿ. ಪ್ಯಾನನ್ನು ನೀರಲ್ಲಿ ಮುಳುಗಿಸಿ, ಜೋರಾಗಿ ಅಲ್ಲಾಡಿಸಿ, ಸ್ವಲ್ಪ ಓರೆ ಮಾಡಿ ಮೇಲಿನ ಹಗುರ ಮರಳನ್ನು ನೀರಿನ ಜೊತೆ ಬಿಡುತ್ತಾ ಬರಬೇಕು. ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಕರಿ ಮರಳು ಉಳಿಯುತ್ತದೆ. ಅದರ ಮೇಲೆ ನೀರು ಮೆಲ್ಲಗೆ ಸುತ್ತಿಸಿದಾಗ ಅಂಚಿನಲ್ಲಿ ಹಳದಿ ಚೂರು ಕಾಣುತ್ತದೆ. ಚಿನ್ನ ಭಾರ, ಅದು ಕದಲುವುದಿಲ್ಲ. ಮಕ್ಕಳು ಆತುರದಲ್ಲಿ ಎಲ್ಲವನ್ನೂ ತೊಟ್ಟಿಗೆ ಚೆಲ್ಲಿ ಅಳುವ ಹಂತಕ್ಕೆ ಬಂದಿದ್ದರು. ನಮ್ಮ ಅತ್ತೆ ಎರಡು ನಿಮಿಷ ನೋಡಿ, "ಇದು ರಾಗಿ ಗಾಳಿಸಿದ ಹಾಗೇ ಅಲ್ವೇನಮ್ಮಾ, ಇತ್ತ ಕೊಡು" ಅಂತ ಪ್ಯಾನ್ ಇಸ್ಕೊಂಡರು. ಮಣಿಕಟ್ಟಿನ ಅದೇ ತಿರುವು, ಅದೇ ಓರೆ. ಪಕ್ಕದಲ್ಲಿ ಕಲಿಸಿಕೊಡುತ್ತಿದ್ದ ಹುಡುಗ ತನ್ನ ಕೆಲಸ ಬಿಟ್ಟು ನೋಡುತ್ತಾ ನಿಂತ. ಸಿಕ್ಕ ಚೂರುಗಳನ್ನು ಪುಟ್ಟ ಶೀಶೆಗೆ ಹಾಕಿ ಕೊಡುತ್ತಾರೆ. ಬೆಲೆ ಕಟ್ಟಿದರೆ ಟಿಕೆಟ್ಟಿನ ಹಣವೂ ಹುಟ್ಟುವುದಿಲ್ಲ, ಆದರೆ ಮಕ್ಕಳು ಅದನ್ನು ಇನ್ನೂ ಕಾಪಾಡಿಕೊಂಡಿದ್ದಾರೆ. ಕಲ್ಲಿನ ಮಣಿಗಳನ್ನು ಜರಡಿ ಹಿಡಿಯುವ ಬಕೆಟ್ಟುಗಳನ್ನೂ ಮಾರುತ್ತಾರೆ. ಅದಕ್ಕೆ ದುಡ್ಡು ಸುರಿಯುವುದು ಬೇಡ, ಚಿನ್ನದ ಪ್ಯಾನ್ ಸಾಕು.

ರಾತ್ರಿ ಚೌಕದ ಹತ್ತಿರವೇ ಉಳಿದರೆ ಒಳ್ಳೆಯದು. ಹಗಲು ಬಂದವರೆಲ್ಲ ವಾಪಸ್ ಹೋದ ಮೇಲೆ ಊರಿನವರು ಹೊರಗೆ ಬರುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ ಮಧ್ಯಾಹ್ನ ಮ್ಯೂಸಿಯಂ ಹುಲ್ಲಿನ ಮೇಲೆ ಪಿಟೀಲು, ಬ್ಯಾಂಜೊ ಹಿಡಿದವರು ಗುಂಪಾಗಿ ಕೂತು ಬೆಟ್ಟದ ಕಡೆಯ ಸಂಗೀತ ನುಡಿಸುತ್ತಾರೆ. ಅದಕ್ಕಾಗಿ ಶನಿವಾರವೇ ಬರಬೇಕು ಅನ್ನುವವರು ಅಕ್ಟೋಬರ್ ಬಿಟ್ಟು ಬೇರೆ ತಿಂಗಳು ನೋಡಿಕೊಳ್ಳಿ. ಅಕ್ಟೋಬರ್ ಮೂರನೇ ವಾರಾಂತ್ಯ ಗೋಲ್ಡ್ ರಶ್ ಡೇಸ್ ಜಾತ್ರೆ. ಜಾತ್ರೆ ಇಷ್ಟಪಡುವವರಿಗೆ ಸರಿ, ಕೈಗೂಸು ಇರುವವರಿಗೆ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಮೆರಿಕದ ದಕ್ಷಿಣದ ಕಡೆಯ ಅಡುಗೆಯಲ್ಲಿ ತರಕಾರಿ ಬೇಕಾದಷ್ಟಿದೆ: ಬೀನ್ಸ್, ಸೊಪ್ಪು, ಗೆಣಸು, ಹುರಿದ ಬೆಂಡೆಕಾಯಿ, ಜೋಳದ ಬ್ರೆಡ್. ಆದರೆ ಬೀನ್ಸನ್ನೂ ಸೊಪ್ಪನ್ನೂ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ಇಲ್ಲಿನ ರೂಢಿ. ಮೆನುವಿನಲ್ಲಿ ತರಕಾರಿ ಅಂತಲೇ ಬರೆದಿರುತ್ತದೆ. "ಇದರಲ್ಲಿ ಹ್ಯಾಮ್, ಬೇಕನ್ ಇದೆಯಾ?" ಅಂತ ಪ್ರತಿ ಪದಾರ್ಥಕ್ಕೂ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾರೆ. ಅಪ್ಪಟ ಸಸ್ಯಾಹಾರಿ ಹಿರಿಯರಿದ್ದರೆ ಒಂದು ಹೊತ್ತಿಗೆ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ನೆಮ್ಮದಿ.

ಎರಡನೇ ದಿನ ಬೆಳಿಗ್ಗೆ ಬೇಗ ಎದ್ದು ಅಮಿಕಲೋಲಾ ಜಲಪಾತಕ್ಕೆ ಹೊರಡಿ. ಹೈವೇ 52ರಲ್ಲಿ ಪಶ್ಚಿಮಕ್ಕೆ ಅರ್ಧ ಗಂಟೆ. ನಾವು ಹೋದಾಗ ಕಾರಿಗೆ ದಿನಕ್ಕೆ 5 ಡಾಲರ್ ಪಾರ್ಕಿಂಗ್. ಜಲಪಾತದ ಎತ್ತರ 729 ಅಡಿ. ಜೋಗ ಇದಕ್ಕಿಂತ ನೂರು ಅಡಿ ಹೆಚ್ಚು. ಆದರೆ ಎರಡನ್ನೂ ಹೋಲಿಸಿಕೊಂಡು ಹೋಗಬೇಡಿ, ಬೀಳುವ ರೀತಿಯೇ ಬೇರೆ. ಜೋಗದಲ್ಲಿ ನೀರು ಒಂದೇ ಸಲ ಕೆಳಕ್ಕೆ ಧುಮುಕುತ್ತದೆ. ಇಲ್ಲಿ ಬಂಡೆಯಿಂದ ಬಂಡೆಗೆ ಜಾರುತ್ತಾ, ಹಂತಹಂತವಾಗಿ ಇಳಿಯುತ್ತದೆ. ಅದಕ್ಕೇ ನೀರಿನ ತೀರಾ ಹತ್ತಿರ ಹೋಗಿ ನಿಲ್ಲಬಹುದು.

ಬುಡದಿಂದ ತುದಿಯವರೆಗೆ 604 ಮೆಟ್ಟಿಲು. ಹತ್ತುವ ಶಕ್ತಿ ಇರುವವರು ಹತ್ತಿ, ನಡುನಡುವೆ ನಿಲ್ಲಲು ಜಾಗ ಇದೆ. ಹತ್ತಲಾಗದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಗುಡ್ಡದ ಅರ್ಧಕ್ಕೆ ಕಾರಿನಲ್ಲಿ ಹೋದರೆ ವೆಸ್ಟ್ ರಿಡ್ಜ್ ಎಂಬ ಸಮತಟ್ಟಾದ ಚಿಕ್ಕ ದಾರಿ ಇದೆ. ನೆಲ ಮೆತ್ತಗಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಅದು ಜಲಪಾತದ ನಡುವಿನ ಸೇತುವೆಗೇ ಹೋಗಿ ಸೇರುತ್ತದೆ. ನನ್ನ ಕೇಳಿದರೆ ಇಡೀ ಜಲಪಾತದಲ್ಲಿ ಅತಿ ಚೆನ್ನಾದ ಜಾಗ ಆ ಸೇತುವೆ. ಮುಖಕ್ಕೆ ಹನಿ ಸಿಡಿಯುತ್ತದೆ, ಎದುರಿಗೆ ಇಡೀ ಬಂಡೆ ಗೋಡೆ. ಅತ್ತೆ ಮಾವ ಅಲ್ಲಿಂದ ಕದಲಲೇ ಇಲ್ಲ. ತುದಿಯಲ್ಲೂ ಪಾರ್ಕಿಂಗ್ ಇದೆ. ಅಲ್ಲಿಂದ ಕಾಣುವುದು ಬೆಟ್ಟಸಾಲು, ಜಲಪಾತ ಅಷ್ಟಾಗಿ ಕಾಣುವುದಿಲ್ಲ. ಬೇಲಿ ದಾಟಿ ಬಂಡೆ ಮೇಲೆ ಇಳಿಯುವುದು, ನೀರಿಗೆ ಕಾಲು ಹಾಕುವುದು ಬೇಡ. ಪಾಚಿ ಕಟ್ಟಿದ ಬಂಡೆ ಯಾರನ್ನೂ ಬಿಡುವುದಿಲ್ಲ. ನೀರಿನಲ್ಲಿ ಆಡಲೇಬೇಕು ಅಂದರೆ ಬೇಸಿಗೆಯಲ್ಲಿ ಊರ ಪಕ್ಕದ ಚೆಸ್ಟಟೀ ನದಿಯಲ್ಲಿ ರಬ್ಬರ್ ಟ್ಯೂಬ್ ಮೇಲೆ ಕೂತು ತೇಲಿಕೊಂಡು ಹೋಗುವ ವ್ಯವಸ್ಥೆ ಇದೆ.

ವಿಸಿಟರ್ ಸೆಂಟರ್ ಹಿಂದೆ ಕಲ್ಲಿನ ಕಮಾನು ಇದೆ. ಅಪ್ಪಲೇಚಿಯನ್ ಟ್ರೈಲ್ ನಡೆಯುವವರಲ್ಲಿ ಬಹಳಷ್ಟು ಜನ ಇಲ್ಲಿಂದಲೇ ಹೊರಡುವುದು. ಇಲ್ಲಿಂದ 8.5 ಮೈಲಿ ನಡೆದರೆ ಸ್ಪ್ರಿಂಗರ್ ಬೆಟ್ಟ. ಅಲ್ಲಿಂದ ಉತ್ತರದ ಮೇನ್ ರಾಜ್ಯದವರೆಗೆ ಸುಮಾರು 2,190 ಮೈಲಿ ಕಾಲುದಾರಿ. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಬೆನ್ನಚೀಲ ತೂಗಿಸಿಕೊಂಡು ಹೊರಡುವವರು ಸಿಗುತ್ತಾರೆ. ಮಾತಾಡಿಸಿ, ಖುಷಿಯಿಂದ ಮಾತಾಡುತ್ತಾರೆ.

ಆ ದಾರಿಯ ಒಂದು ತುಣುಕನ್ನಾದರೂ ನೀವೂ ನಡೆಯಬೇಕು ಅಂದರೆ ಮಧ್ಯಾಹ್ನ ವುಡಿ ಗ್ಯಾಪ್‌ಗೆ ಹೋಗಿ. ಡಲಾನೆಗಾಗೆ ವಾಪಸ್ ಬಂದು ಉತ್ತರಕ್ಕೆ ಹತ್ತಬೇಕು. ಸ್ಟೋನ್‌ಪೈಲ್ ಗ್ಯಾಪ್ ಎಂಬ ಕವಲಿನಲ್ಲಿ ರಸ್ತೆ ನಡುವೆ ಕಲ್ಲಿನ ರಾಶಿ ಕಾಣುತ್ತದೆ, ಅಲ್ಲಿ ಎಡಕ್ಕೆ ಹೈವೇ 60. ತಿರುವಿನ ಮೇಲೆ ತಿರುವು, ನಮ್ಮ ಘಾಟಿ ರಸ್ತೆಯೇ. ವಾಂತಿ ಬರುವ ಮಕ್ಕಳಿಗೆ ಮೊದಲೇ ಮಾತ್ರೆ ಕೊಟ್ಟಿರಿ. ಕಾರು ನಿಲ್ಲಿಸಿದಲ್ಲೇ ಒಳ್ಳೆಯ ನೋಟ ಸಿಗುತ್ತದೆ, ಹಿರಿಯರು ಅಲ್ಲೇ ಕೂರಬಹುದು. ಮರದ ಮೇಲಿನ ಬಿಳಿ ಪಟ್ಟಿ ಗುರುತು ಹಿಡಿದು ಸುಮಾರು ಒಂದು ಮೈಲಿ ನಡೆದರೆ ಪ್ರೀಚರ್ಸ್ ರಾಕ್. ಕೊನೆಯಲ್ಲಿ ಸ್ವಲ್ಪ ಕಡಿದಾದ ಏರು, ಆಮೇಲೆ ಬೋಳು ಬಂಡೆ, ಮುಂದೆ ಪೂರ್ತಿ ಬೆಟ್ಟಗಳು. ಅಷ್ಟು ಕಡಿಮೆ ನಡಿಗೆಗೆ ಇಂಥ ನೋಟ ಈ ಸೀಮೆಯಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಬಂಡೆಯ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ, ಅಲ್ಲಿ ಕಂಬಿ ಇಲ್ಲ.

ಬೆಟ್ಟದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಊರಲ್ಲೇ ಇಳಿಸಿಕೊಳ್ಳಿ. ಪೆಟ್ರೋಲ್ ಅಲ್ಲೇ ತುಂಬಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು, ಆಗ ಬೋಳು ಬಂಡೆ ಮೇಲೆ ಇರಬಾರದು. ಈ ಕಾಡಿನಲ್ಲಿ ಕರಡಿಗಳಿವೆ. ಚಿಪ್ಸ್ ಪ್ಯಾಕೆಟ್ಟು, ಬಾಳೆಹಣ್ಣಿನ ಸಿಪ್ಪೆ ಯಾವುದನ್ನೂ ಬಿಟ್ಟು ಬರಬೇಡಿ.

ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ದೊಡ್ಡ ಹಂಡೆ ಇಟ್ಟು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರೆ ನಿಲ್ಲಿಸಿ. ನಮ್ಮಲ್ಲಿ ಬೇಯಿಸುವುದಕ್ಕಿಂತ ತುಂಬ ಹೊತ್ತು ಬೇಯಿಸುತ್ತಾರೆ, ಕಾಳು ಅವರೆಕಾಳಿನಷ್ಟು ಮೆತ್ತಗಾಗಿರುತ್ತದೆ, ಸಿಪ್ಪೆಯೊಳಗೆ ಉಪ್ಪುನೀರು ತುಂಬಿರುತ್ತದೆ. ಬಸವನಗುಡಿಯ ಪರಿಷೆ ಕಂಡವರಿಗೆ ಮೊದಲು ವಿಚಿತ್ರ ಅನ್ನಿಸಬಹುದು, ಎರಡನೇ ಹಿಡಿಗೆ ರುಚಿ ಹತ್ತುತ್ತದೆ. ಮಸಾಲೆ ಹಾಕಿದ ಕೇಜನ್ ಬಗೆಯದ್ದು ಕೇಳಿ, ನಮ್ಮ ನಾಲಿಗೆಗೆ ಅದೇ ಸರಿ. ಕಾರಿನಲ್ಲಿ ಟಿಶ್ಯೂ ಇಟ್ಟುಕೊಂಡಿರಿ. ಭಾನುವಾರ ವಾಪಸ್ ಆಗುವವರು ಮೂರು ಗಂಟೆಯೊಳಗೆ ಹೊರಟುಬಿಡಿ, ಆಮೇಲೆ 400ರಲ್ಲಿ ಕಮಿಂಗ್ ಹತ್ತಿರ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ.